ಚುಕ್ಕಿಯ ಜಾಳಿಗೆ ಮನೆ

ಎರಡು ಬೆಕ್ಕುಗಳು ಕಬ್ಬಿನ ಟ್ರ್ಯಾಕ್ಟರ್ ಗಾಲಿಗೆ ಸಿಕ್ಕು ಸತ್ತ ಮೇಲೆ ಶಿವಕಾಂತಾ ಹಟ ಹಿಡಿದು ಕೂತಳು. ಉಳಿದದ್ದು ಚುಕ್ಕಿ ಒಂದೇ. ಕೊಳಕೂರಿನ ರಸ್ತೆ ಅವರ ಹೊಲದ ಮನೆಗೆ ಅಂಟಿಕೊಂಡೇ ಇತ್ತು. ಇವತ್ತಲ್ಲ ನಾಳೆ ಅದರ ಗತಿಯೂ ಅಷ್ಟೇ. ಜೇವರ್ಗಿಯಿಂದ ವೆಲ್ಡರನನ್ನು ಕರೆಸಿ ಹಿತ್ತಲಿಗೆ ತಂತಿ ಜಾಳಿಗೆ ಹಾಕಿಸಿದಳು. ಬೆಕ್ಕು ಹತ್ತಿ ಹಾರಬಾರದೆಂದು ಮೇಲ್ತುದಿಯನ್ನು ಒಳಕ್ಕೆ ಬಗ್ಗಿಸಿದಳು, ಕೆರೆದು ನುಸುಳಬಾರದೆಂದು ಕೆಳಗಿನ ಅಂಚನ್ನು ಎರೆಮಣ್ಣಿನಲ್ಲಿ ಹೂಳಿಸಿದಳು. ಬಾಗಿಲಿಗೆ ಒಳಗೊಂದು, ಹೊರಗೊಂದು ಚಿಲಕ. ಹಾಲಿಡಲು ಹೋದಾಗ ಒಳಚಿಲಕ ಹಾಕದಿದ್ದರೆ ಚುಕ್ಕಿ ಕಾಲ ಸಂದಿಯಲ್ಲೇ ಪರಾರಿ. ಬೆಕ್ಕಿಗೆ ಬಂಗಲೆ ಕಟ್ಟಿಸಿದಳೆಂದು ನೆರೆಯವರು ನಕ್ಕರು. ನಗಲಿ, ಅವರಪ್ಪನ ಗಂಟೇನು ಹೋಯಿತು!

ಒಂದೇ ಒಂದು ತಪ್ಪಾಯಿತು. ಹಿತ್ತಲ ಮೂಲೆಯಲ್ಲಿ ಅತ್ತೆ ಗುರಮ್ಮನ ಸಮಾಧಿಯಿತ್ತು. ಅವರ ಮನೆತನದಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ, ಕೂರಿಸಿದ ಹಾಗೆಯೇ, ಮಣ್ಣು ಮಾಡುತ್ತಾರೆ. ಬೆಕ್ಕುಗಳನ್ನು ಸಾಕಿದವಳೇ ಗುರಮ್ಮ. ಸಂಜೆಯಾದರೆ ಆ ಮೂಲೆಯಲ್ಲೇ ಕೂತು, ಹಿತ್ತಾಳೆ ಬಟ್ಟಲಿಗೆ ಬೆರಳಿನ ಉಂಗುರ ಬಡಿದು ಟಿಣ್ ಟಿಣ್ ಎನಿಸಿ ಕರೆಯುತ್ತಿದ್ದಳು. ಎಲ್ಲಿದ್ದರೂ ಓಡಿ ಬರುತ್ತಿದ್ದವು. ಸಮಾಧಿಯನ್ನೂ ಜಾಳಿಗೆಯೊಳಗೆ ತೆಗೆದುಕೊಳ್ಳೋಣವೆಂದರೆ ಗಂಡ ಅಮರನಾಥ ಸಿಡಿದ.

“ಹಡದವ್ವನ್ನ ಪಂಜರದಾಗ ಇಡ್ಲೇನು ನಾ?”

ಸಮಾಧಿ ಹೊರಗುಳಿಯಿತು.

ಮೊದಲ ಸಂಜೆಯೇ ಚುಕ್ಕಿ ಹಾಲು ಮುಟ್ಟಲಿಲ್ಲ. ಸಮಾಧಿಯ ಕಡೆಯ ಜಾಳಿಗೆಗೆ ಮೂತಿ ಒತ್ತಿ, ಕೆರೆದು ಕೆರೆದು ಉಗುರೆಲ್ಲ ರಕ್ತ ಮಾಡಿಕೊಂಡಿತು. ಮರುದಿನವೂ ಅದೇ. ಬರಬರುತ್ತ ಪಕ್ಕೆಲುಬುಗಳು ಎದ್ದು ಕಂಡವು. ಬದುಕಲಿ ಎಂದು ಕೂಡಿಹಾಕಿ ತಾನೇ ಕೊಲ್ಲುತ್ತಿದ್ದೇನಲ್ಲ ಎಂದು ಶಿವಕಾಂತಾಳಿಗೆ ಅನ್ನಿಸಿತು. ಒಂದು ಸಂಜೆ ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ಆಗ ಅವಳಿಗೂ ಕೇಳಿತು, ಟಿಣ್ ಟಿಣ್. ಬಟ್ಟಲು ನೋಡಿದರೆ ಅಡುಗೆಮನೆಯ ಗೂಡಿನಲ್ಲಿ ಬೋರಲಾಗಿತ್ತು; ಅವಳೇ ಇಟ್ಟದ್ದು.

ಗಂಡನಿಗೆ ಹೇಳಲಿಲ್ಲ, ಕೇಳಲೂ ಇಲ್ಲ. ಅವನು ಅಫಜಲಪುರಕ್ಕೆ ಹೋದ ದಿನ ವೆಲ್ಡರನನ್ನು ಮತ್ತೆ ಕರೆಸಿ, ಸಮಾಧಿ ಒಳಗೆ ಬರುವಂತೆ ಜಾಳಿಗೆ ಸರಿಸಿದಳು. ಆ ಸಂಜೆ ಚುಕ್ಕಿ ಸಮಾಧಿಯ ಕಟ್ಟೆ ಹತ್ತಿ ಕೂತು, ಇಟ್ಟ ಹಾಲನ್ನೆಲ್ಲ ನೆಕ್ಕಿ ಮುಗಿಸಿತು. ಶಿವಕಾಂತಾಳಿಗೆ ಹೋದ ಜೀವ ಬಂದಂತಾಯಿತು. ಆ ಖುಷಿಯಲ್ಲಿ ಬಾಗಿಲು ಮುಂದೆ ಮಾಡಿ ಬಂದಳೇ ಹೊರತು ಹೊರಚಿಲಕ ಹಾಕುವುದನ್ನು ಮರೆತೇಬಿಟ್ಟಳು.

ಅಡುಗೆಮನೆ ತಲುಪುವಷ್ಟರಲ್ಲಿ ಮತ್ತೆ ಟಿಣ್ ಟಿಣ್. ಈ ಸಲ ಸಮಾಧಿಯ ಬಳಿಯಲ್ಲ, ಜಾಳಿಗೆಯ ಬಾಗಿಲಲ್ಲಿ. ಉಂಗುರವನ್ನು ತಂತಿಗೆ ಬಡಿದ ಸದ್ದು. ಮುದುಕಿ ಹೊರಗೆ ಬಿಡು ಎನ್ನುತ್ತಿದ್ದಾಳೆ. ಗಾಳಿಯಿಲ್ಲದೆ ಬಾಗಿಲು ಮೆಲ್ಲಗೆ ತೆರೆಯತೊಡಗಿತು. ಬಾಲ ಎತ್ತಿಕೊಂಡು ಚುಕ್ಕಿ ಹೊಸ್ತಿಲಿಗೆ ಬಂತು. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಗುಡುಗುತ್ತ ಬರುತ್ತಿತ್ತು. ಓಡಿದರೂ ಮುಟ್ಟುವಷ್ಟು ಹೊತ್ತಿರಲಿಲ್ಲ; ಶಿವಕಾಂತಾ ಅಡುಗೆಮನೆಯ ಬಾಗಿಲಿಂದಲೇ ಕೂಗಿದಳು.

“ಅತ್ತಿ,” ಎಂದಳು. “ಅದು ನಿಮ್ಮ ಬೆನ್ನ ಹತ್ತಿ ಬರ್ತದ್ರಿ. ಗಾಲಿಗಿ ಸಿಗ್ತದ. ಅದರ ಸಲುವಾಗಿ ಒಳಗ ಇರ್ರಿ.”

ಸದ್ದು ನಿಂತಿತು. ಟ್ರ್ಯಾಕ್ಟರ್ ದಾಟಿ ಹೋಯಿತು. ಚುಕ್ಕಿ ಯಾರದೋ ಕಾಲಿಗೆ ಮೈ ತಿಕ್ಕುತ್ತ ಹಿಂದಕ್ಕೆ ತಿರುಗಿತು. ಬಾಗಿಲು ತೆರೆದಷ್ಟೇ ಮೆಲ್ಲಗೆ ಮುಚ್ಚಿಕೊಂಡಿತು, ಒಳಗಿನ ಚಿಲಕ ಬಿತ್ತು.