ಫೋನಿನಲ್ಲಿ ಕೇಳಿದ ಎಲಾನ್

ನಮ್ಮ ಮನೆಯವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಆದರೂ ಆ ದಿನ ಎಲ್ಲರೂ ಸೇರಿ ನನಗೊಂದು ಸುಳ್ಳು ಹೇಳಿದರು.

ದಾದಿ, ಅಂದರೆ ಅಬ್ಬಾನ ತಾಯಿ, ಕಮಲಾಪುರದಲ್ಲಿ ಹಾಸಿಗೆ ಹಿಡಿದಿದ್ದಳು. ನಾನು ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ಲತೀಫಾ ಫುಪ್ಪುವಿನ ಮನೆಯಲ್ಲಿದ್ದುಕೊಂಡು ಆನ್‌ಲೈನ್‌ನಲ್ಲಿ ಸ್ಪ್ಯಾನಿಶ್ ಕಲಿಯುತ್ತಿದ್ದೆ. ಫುಪ್ಪು ದಾದಿಯ ಒಬ್ಬಳೇ ಮಗಳು. ಪರೀಕ್ಷೆ ಪಾಸಾದರೆ ಮನೆಯಲ್ಲೇ ಕೂತು ದುಭಾಷಿಯ ಕೆಲಸ ಮಾಡಬಹುದಿತ್ತು. ನನಗೆ ಈ ಹುಚ್ಚು ಹತ್ತಿಸಿದವಳೇ ದಾದಿ. ನನ್ನ ಮದುವೆಯ ಮಾತು ಬಂದಾಗಲೆಲ್ಲ "ಮೊದಲ ಪಾಸಾಗ್ಲಿ" ಎಂದು ಅಬ್ಬಾನ ಬಾಯಿ ಮುಚ್ಚಿಸುತ್ತಿದ್ದಳು. ದಿನಾ ಸಂಜೆ ಫೋನಿನಲ್ಲಿ ನನ್ನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಒಂದಕ್ಷರ ತಿಳಿಯದಿದ್ದರೂ ತಪ್ಪು ಹಿಡಿಯುವುದನ್ನು ಮಾತ್ರ ಬಿಡುತ್ತಿರಲಿಲ್ಲ. "ಈಗ ತಡವರಿಸಿದಿ ನೋಡು. ಮತ್ತ ಹೇಳು."

ಪರೀಕ್ಷೆಯ ದಿನ ಮುಂಜಾನೆ ಅಬ್ಬಾನಿಗೆ ಫೋನು ಮಾಡಿದೆ.

"ದಾದಿ ಹ್ಯಾಂಗಿದ್ದಾಳ?"

"ಮಲಗ್ಯಾಳ ಬೇಟಾ. ಎಬ್ಬಿಸೋದು ಬ್ಯಾಡ. ನೀ ಪರೀಕ್ಷಾ ಮುಗಿಸು."

ಅಷ್ಟರಲ್ಲಿ ಹಿಂದೆ ಮಸೀದಿಯ ಮೈಕು ಕರಕರ ಎಂದಿತು. ಯಾರಾದರೂ ತೀರಿಕೊಂಡರೆ ನಮ್ಮೂರಲ್ಲಿ ಮೈಕಿನಲ್ಲಿ ಎಲಾನ್ ಮಾಡುತ್ತಾರೆ. ಹೆಂಗಸರಾದರೆ ಹೆಸರು ಹೇಳುವುದಿಲ್ಲ, ಮಗನ ಹೆಸರು ಹಿಡಿದು ಹೇಳುತ್ತಾರೆ. "ಗುಲಾಮ್ ರಸೂಲ್ ಸಾಬ್ ಕಿ ವಾಲಿದಾ ಕಾ ಇಂತೆಖಾಲ್ ಹುವಾ ಹೈ. ಜನಾಜೆ ಕಿ ನಮಾಜ್ ಜುಹರ್ ಕೆ ಬಾದ್..." ಗುಲಾಮ್ ರಸೂಲ್ ಎಂದರೆ ನಮ್ಮ ಅಬ್ಬಾ, ವಾಲಿದಾ ಎಂದರೆ ತಾಯಿ. ಅವರು ಫೋನಿಗೆ ಕೈ ಅಡ್ಡ ಹಿಡಿದದ್ದು ತಡವಾಯಿತು.

"ಏನರೆ ಕೇಳಿಸ್ತೇನು?" ಎಂದರು.

"ಇಲ್ಲ ಅಬ್ಬಾ. ನೆಟ್‌ವರ್ಕ್ ಸರಿ ಇಲ್ಲ."

ನಮ್ಮಲ್ಲಿ ಹೆಂಗಸರು ಖಬರಸ್ತಾನಕ್ಕೆ ಹೋಗುವುದಿಲ್ಲ. ಮುಖ ನೋಡುವುದಿದ್ದರೆ ಜನಾಜಾ ಎತ್ತುವ ಮೊದಲೇ ನೋಡಬೇಕು. ಹನ್ನೊಂದಕ್ಕೆ ಪರೀಕ್ಷೆ ಮುಗಿಸಿ ಬಸ್ಸು ಹಿಡಿದರೆ ಮಧ್ಯಾಹ್ನದ ಜುಹರ್ ನಮಾಜಿನೊಳಗೆ ಮುಟ್ಟಬಹುದು ಎಂದುಕೊಂಡೆ. ಅಷ್ಟರಲ್ಲಿ ಫುಪ್ಪು ತಾನಾಗಿ ಬಾಯಿ ಬಿಟ್ಟರೆ ಎಲ್ಲ ಬಿಟ್ಟು ಎದ್ದುಬಿಡೋಣ ಎಂದೂ ಅಂದುಕೊಂಡೆ. ಫುಪ್ಪುವಿನ ಕಣ್ಣು ಕೆಂಪಗಾಗಿತ್ತು. "ಉಳ್ಳಾಗಡ್ಡಿ ಹೆಚ್ಚಾಕತ್ತಿದ್ನಿ" ಎಂದಳು. ಒಲೆಯ ಮೇಲೆ ಏನೂ ಇರಲಿಲ್ಲ. ನನಗೆ ಸಿಟ್ಟು ಬಂತು. ನನ್ನನ್ನು ಇನ್ನೂ ಹಾಲುಗಲ್ಲದ ಕೂಸು ಎಂದುಕೊಂಡಿದ್ದಾರಲ್ಲ, ಹೇಳುವ ತನಕ ನಾನೂ ಹೇಳುವುದಿಲ್ಲ ಎಂದು ಹಟ ಹಿಡಿದು ಲ್ಯಾಪ್‌ಟಾಪಿನ ಮುಂದೆ ಕೂತೆ.

ಒಬ್ಬೊಬ್ಬರನ್ನೇ ಕರೆದು ಮಾತಾಡಿಸುವ ಪರೀಕ್ಷೆ, ನನ್ನ ಸರದಿ ಮುಂದೆ ಮುಂದೆ ಹೋಗುತ್ತಲೇ ಇತ್ತು. ಈಗ ಕರೆಯುತ್ತಾರೆ, ಈಗ ಕರೆಯುತ್ತಾರೆ ಎಂದು ಏಳಲಾಗಲಿಲ್ಲ. ನನ್ನನ್ನು ಕರೆದಾಗ ಸ್ಟೇಶನ್ ಕಡೆಯಿಂದ ಜುಹರ್ ಅಜಾನ್ ಕೇಳುತ್ತಿತ್ತು.

ಪರದೆಯ ಮೇಲಿನ ಮೇಡಂ ಒಂದೊಂದೇ ಕ್ರಿಯಾಪದ ಕೊಟ್ಟು ಭೂತಕಾಲದಲ್ಲಿ ವಾಕ್ಯ ಮಾಡಲು ಹೇಳಿದರು. ಮೂರನೆಯದು 'ಓಇರ್'. ಕಿವಿಗೆ ಕೇಳಿಸುವುದು ಎಂದರ್ಥ. ರೈಲಿನ ಸೀಟಿ ಕೇಳಿದೆ ಎಂಬ ವಾಕ್ಯವನ್ನು ಬಾಯಿಪಾಠ ಮಾಡಿಟ್ಟಿದ್ದೆ. ಬಾಯಿಗೆ ಅದು ಬರಲಿಲ್ಲ.

"ಓಯಿ ಕೆ ಮಿ ಅಬುಯೆಲಾ ಮುರಿಯೋ."

ನನ್ನ ಅಜ್ಜಿ ತೀರಿಕೊಂಡಳೆಂದು ಕೇಳಿದೆ. ಆ ಮನೆಯಲ್ಲಿ ಆ ಮಾತನ್ನು ಬಾಯಿ ಬಿಟ್ಟು ಹೇಳಿದವಳು ನಾನೇ ಮೊದಲು.

"ಮುಯ್ ಬಿಯೆನ್" ಎಂದು ಮೇಡಂ ನಕ್ಕರು. ಬಹಳ ಚೆನ್ನಾಗಿದೆಯಂತೆ. ಅವರಿಗೆ ಅದು ತಪ್ಪಿಲ್ಲದ ಒಂದು ವಾಕ್ಯ, ಅಷ್ಟೇ. ಮುಂದಿನ ಕ್ರಿಯಾಪದ 'ತಿನ್ನುವುದು' ಎಂದರು. ಲ್ಯಾಪ್‌ಟಾಪು ಎತ್ತಿ ಒಗೆಯಬೇಕೆನಿಸಿತು. ಒಗೆಯಲಿಲ್ಲ. ನಿನ್ನೆ ನಾನು ಅನ್ನ ತಿಂದೆ ಎಂದೆ. ಮೇಡಂ ನಕ್ಕದ್ದು ನೋಡಿ ಬಾಗಿಲಲ್ಲಿ ನಿಂತಿದ್ದ ಫುಪ್ಪು ಶಹಬ್ಬಾಸ್ ಎನ್ನುವಂತೆ ತಲೆಯಾಡಿಸಿದಳು.

ಮುಗಿದ ಮೇಲೆ ಅವಳು ನನ್ನನ್ನು ಅಪ್ಪಿಕೊಂಡು "ಅಮ್ಮಿ ಹೋದ್ಲು ಬೇಟಾ" ಎಂದು ಗೋಳೋ ಎಂದು ಅತ್ತಳು. ನಾನೂ ಅತ್ತೆ.

ಕಮಲಾಪುರ ಮುಟ್ಟಿದಾಗ ಗಂಡಸರು ಮಣ್ಣು ಮಾಡಿ ತಿರುಗಿ ಬರುತ್ತಿದ್ದರು. ಅಬ್ಬಾನ ಕೈಗೆ ಇನ್ನೂ ಮಣ್ಣಿತ್ತು.

"ಪರೀಕ್ಷಾ ಹಾಳಾಗ್ತದಂತ ಹೇಳಲಿಲ್ಲ ಬೇಟಾ. ಲತೀಫಾನೇ ಅಂದ್ಲು, ನಾ ಹುಡುಗಿ ಕೂಡ ಇರ್ತೇನಿ, ಆಕಿ ಮುಗಿಸ್ಲಿ ಅಂತ."

"ನಾ ಮುಂಜಾನೇನೇ ಕೇಳಿದ್ದೆ ಅಬ್ಬಾ. ಮೈಕಿನ್ಯಾಗ."

ನನ್ನ ಬೆನ್ನು ಸವರುತ್ತಿದ್ದ ಫುಪ್ಪುವಿನ ಕೈ ನಿಂತಿತು.

"ಗೊತ್ತಿತ್ತೇನ ನಿನಗ?" ಎಂದಳು. "ಒಂದು ಮಾತು ಅಂದಿದ್ರ ನಾನರೆ ಬರ್ತಿದ್ನಲ್ಲ ಮದಿಹಾ. ನಮ್ಮ ಅಮ್ಮಿ ಮಾರಿ ನೋಡ್ತಿದ್ನಲ್ಲ."