ಕೆಂಪು ಫೀಡರ್‌ಗಳ ಶೆಡ್

ಡೆಲವೇರ್‌ನ ಲಾರೆಲ್ ಊರಾಚೆ ವರ್ಲೀನ್ ಟಲ್ ಅವರಿಗೆ ಎರಡು ಶೆಡ್‌ಗಳಿವೆ. ಒಂದೊಂದರಲ್ಲೂ ಇಪ್ಪತ್ತು ಸಾವಿರ ಬ್ರಾಯ್ಲರ್ ಕೋಳಿ. ಮರಿ ಕೊಟ್ಟು, ಬೆಳೆದ ಕೋಳಿ ಒಯ್ಯುವ ಕಂಪನಿಯ ಪರವಾಗಿ ವಾರಕ್ಕೊಮ್ಮೆ ಹೋಗಿ ನೋಡುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಹೋಗುತ್ತಿದ್ದೇನೆ.

ಮರಿಗಳು ಕೆಂಪು ಬಣ್ಣಕ್ಕೆ ಬೇಗ ಬರುತ್ತವೆ ಎಂಬುದು ವರ್ಲೀನ್ ಅವರ ನಂಬಿಕೆ. ಈ ಸಲ ಪರೀಕ್ಷಿಸಿಯೇ ನೋಡೋಣವೆಂದು ಒಂದನೇ ಶೆಡ್‌ಗೆ ಮೇವು ಹಾಕುವ ಕೆಂಪು ಫೀಡರ್, ಎರಡನೆಯದಕ್ಕೆ ಬಿಳಿ ಫೀಡರ್ ಹಾಕಿಸಿದೆವು. ಬೆಳಕು ಎರಡರಲ್ಲೂ ಒಂದೇ: ಮೊದಲ ವಾರ ಜೋರು, ಆಮೇಲೆ ಇಳಿಸುತ್ತ ಐದು ಲಕ್ಸ್‌ನಷ್ಟು ಮಬ್ಬು. ಬೆಳಕು ಹೆಚ್ಚಿದ್ದರೆ ಬಲಿತ ಕೋಳಿಗಳು ಕೂತಲ್ಲಿ ಕೂರುವುದಿಲ್ಲ, ಒಂದನ್ನೊಂದು ಕುಕ್ಕುತ್ತವೆ.

ಏಳನೆಯ ದಿನ ಕೆಂಪು ಶೆಡ್‌ನ ಮರಿಗಳು ಸರಾಸರಿ ಆರು ಗ್ರಾಂ ಹೆಚ್ಚು ತೂಗಿದವು.

"ನೋಡ್ದ್ಯಾ ಲೈಲ್? ನಿನ್ನ ಕಾಲೇಜಿಗಿಂತ ನನ್ನ ಕಣ್ಣೇ ವಾಸಿ" ಎಂದು ವರ್ಲೀನ್ ನಕ್ಕರು.

ಇಪ್ಪತ್ತೆಂಟನೆಯ ದಿನ ಹೋದಾಗ ಎರಡನೇ ಶೆಡ್ ಶಾಂತವಾಗಿತ್ತು. ಒಂದನೆಯದರಲ್ಲಿ ಕೋಳಿಗಳು ಅತ್ತಿತ್ತ ಓಡುತ್ತಿದ್ದವು. ಹಲವುಗಳ ಬಾಲದ ಬುಡ ರಕ್ತವಾಗಿತ್ತು. ಬೆಳಕು ಅಳೆಯುವ ಮೀಟರ್ ಹಿಡಿದೆ: ನಲವತ್ತು ಲಕ್ಸ್.

"ಅಮ್ಮಾ, ಡಿಮ್ಮರ್ ಯಾರು ತಿರುಗಿಸಿದ್ದು?"

"ನಾನೇ ಕಣಪ್ಪ. ಬಲ್ಬು ಮಂಕಾಗಿದೆ ಅಂದ್ಕೊಂಡೆ."

"ಇದೊಂದೇ ಶೆಡ್‌ನಲ್ಲಾ?"

ಅವರು ಪ್ಯಾಂಟನ್ನು ಮಂಡಿಯವರೆಗೆ ಮಡಚಿದರು. ಎರಡೂ ಕಾಲಿನ ಮೇಲೆ ಸಾಲಾಗಿ ನೀಲಿಗಟ್ಟಿದ ಪೆಟ್ಟುಗಳು.

"ಬಿಳೀ ಫೀಡರ್ ಹೆಂಗೋ ಕಾಣತ್ತೆ. ಕೆಂಪುದು ಮಬ್ಬಲ್ಲಿ ಕರ್ರಗಾಗಿ ಮಾಯ ಆಗ್ಬಿಡತ್ತೆ. ಹೋಗಿ ಹೋಗಿ ಅದಕ್ಕೇ ಬಡ್ಕೊತೀನಿ." ಪ್ಯಾಂಟು ಇಳಿಸುತ್ತ, "ಚಳಿಗಾಲದಿಂದ ಹಿಂಗೇ. ಹೋದ ದೃಷ್ಟಿ ಇನ್ನು ವಾಪಸ್ ಬರಲ್ಲ ಅಂದ್ರು ಡಾಕ್ಟ್ರು" ಎಂದರು.

ದಿನಕ್ಕೆರಡು ಸಲ ಶೆಡ್ ಸುತ್ತಿ ಸತ್ತ ಕೋಳಿ ಎತ್ತಲಾಗದವರಿಗೆ ಕಂಪನಿ ಮರಿ ಕೊಡುವುದಿಲ್ಲ. ಇದು ನನಗೂ ಗೊತ್ತು, ಅವರಿಗೂ ಗೊತ್ತು.

"ಏನಂತ ಬರೀತೀಯ?"

"ಬೆಳಕು ನಲವತ್ತು ಅಂತ."

"ಯಾಕೆ ಅಂತ ಕೇಳಿದ್ರೆ?"

ನಾನು ಮೀಟರನ್ನು ಜೇಬಿಗಿಳಿಸಿದೆ.

"ಐದಕ್ಕಿಳಿಸು. ನಡೆದು ತೋರಿಸ್ತೀನಿ. ಮೂವತ್ನಾಲ್ಕು ವರ್ಷ ಇದೇ ನೆಲ ತುಳಿದಿದೀನಿ ಕಣೋ, ಕಣ್ಣು ಮುಚ್ಚಿದ್ರೂ ಬರತ್ತೆ."

ಇಳಿಸಿದೆ. ಬಕೆಟ್ ಹಿಡಿದು ಹೊರಟರು. ಒಂದು ಕೈಯನ್ನು ಫೀಡರ್‌ನಿಂದ ಫೀಡರ್‌ಗೆ ತಾಕಿಸುತ್ತ, ಎಲ್ಲೂ ಎಡವದೆ, ಆ ತುದಿಗೆ ಹೋಗಿ ಇನ್ನೊಂದು ಸಾಲು ಹಿಡಿದು ಬಂದರು. ಕಾಲಿಗೆ ಸಿಗದಂತೆ ಕೋಳಿಗಳು ಸರಿದು ದಾರಿ ಬಿಟ್ಟವು. ಸರಿಯದೆ ಬಿದ್ದಿದ್ದವುಗಳ ಪಕ್ಕದಲ್ಲೇ ಅವರ ಬೂಟು ಹಾದುಹೋಯಿತು. ಅವರ ಹಿಂದೆ ನಾನು ಬಗ್ಗಿ ಬಗ್ಗಿ ಎತ್ತಿಕೊಂಡೆ.

ಬಾಗಿಲ ಬಳಿ ಖಾಲಿ ಬಕೆಟ್ ಇಳಿಸಿ ನನ್ನತ್ತ ತಿರುಗಿದರು. ಮುಖದಲ್ಲಿ ಗೆಲುವಿತ್ತು.

"ಹೆಂಗೆ? ಒಂದೂ ಸತ್ತಿಲ್ಲ ಇವತ್ತು."

ನನ್ನ ಕೈಯಲ್ಲಿದ್ದವನ್ನು ಒಂದೊಂದಾಗಿ ಬಕೆಟ್‌ಗೆ ಹಾಕಿದೆ. ಪ್ರತಿಯೊಂದಕ್ಕೂ ಬಕೆಟ್ ಸದ್ದು ಮಾಡಿತು. ಅವರು ಕೇಳುತ್ತ ನಿಂತರು.

"ಏಳು" ಎಂದರು.

"ಹೌದಮ್ಮಾ."

ಗೋಡೆಯ ಮೇಲೆ ದಿನದ ಸಾವು ಬರೆಯುವ ಕಾರ್ಡ್ ನೇತಾಡುತ್ತಿತ್ತು. ಅವರು ತಡವಿ ಅದನ್ನು ಕಿತ್ತು ನನ್ನ ಕೈಗಿತ್ತರು.

"ನಿನ್ನೆ ಸೊನ್ನೆ ಅಂತ ಬರೆದಿದ್ದೆ. ಮೊನ್ನೇನೂ."