ಬರ್ತೀನಿ ಎಂದವರ ಚಪ್ಪಲಿ

ಲಿಫ್ಟ್ ರಿಪೇರಿ ಮಾಡುತ್ತಿದ್ದ ಮಗ ಏಳನೆಯ ಮಹಡಿಯಿಂದ ಬಿದ್ದು ತೀರಿಕೊಂಡ ಸುದ್ದಿ ಬಂದಾಗ ತಾತ ಮೊಮ್ಮಗಳ ಪೆನ್ಸಿಲ್ ಚೂಪು ಮಾಡುತ್ತಿದ್ದರು. ಸುದ್ದಿ ತಂದ ಮೇಸ್ತ್ರಿ ಬಾಗಿಲಲ್ಲೇ ನಿಂತು ಪಿಸುಗುಟ್ಟಿ ಹೋದ. ತಾತ ಪೆನ್ಸಿಲನ್ನು ಮಗುವಿನ ಕೈಗಿತ್ತು, ಅವಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದರು. ಎಲ್ಲ ಮುಗಿಯುವವರೆಗೂ ಅವಳು ಅಲ್ಲಿಯೇ ಇದ್ದಳು.

“ಅಪ್ಪ ಎಲ್ಲಿ? ಬರ್ತೀನಿ ಗುಬ್ಬಿ ಅಂತ ಹೇಳಿ ಹೋದ” ಎಂದಳು ಮನೆಗೆ ಮರಳಿದ ಮೊಮ್ಮಗಳು.

“ದೂರದಲ್ಲಿ ಕೆಲಸ ಬಿದ್ದಿದೆ ಪುಟ್ಟೀ, ಬರ್ತಾನೆ” ಎಂದರು ತಾತ. ಸೊಸೆ ತಲೆಯೆತ್ತಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಮನೆಗೆ ಬಂದವರ ಚಪ್ಪಲಿಗಳು ಕಾಣೆಯಾಗತೊಡಗಿದವು. ಒಂದು ಜೊತೆ ಅಕ್ಕಿಡಬ್ಬಿಯಲ್ಲಿ ಸಿಕ್ಕಿತು. ಅದನ್ನು ಹುಡುಕಿ ಸಾಕಾಗಿದ್ದ ಸೋದರತ್ತೆ ಗುಬ್ಬಿಗೆ ಎರಡು ಬಾರಿಸಿದಳು. ಆಮೇಲೆ ಶಾಲೆಯಿಂದ ಕರೆ ಬಂತು.

“ನಿಮ್ಮ ಮೊಮ್ಮಗಳ ದಯೆಯಿಂದ ಎರಡು ದಿನ ಬರಿಗಾಲಲ್ಲಿ ಮನೆಗೆ ಹೋದೆ, ತಾತ” ಎಂದರು ಟೀಚರ್, ನಗುತ್ತಲೇ.

“ಹೊಡೀರಿ ಟೀಚರ್. ಅಪ್ಪ ಇಲ್ಲದ ಮಗು ಅಂತ ನಾವೇ ತಲೆ ಮೇಲೆ ಕೂರಿಸಿಕೊಂಡಿದ್ದೀವಿ.”

“ಯಾಕೆ ಬಚ್ಚಿಟ್ಟೆ ಅಂತ ಕೇಳಿದೆ. ‘ಬರ್ತೀನಿ ಅಂತ ಹೋದವರು ಬರಲ್ಲ’ ಅಂದಳು.”

ತಾತ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. “ಆರು ವರ್ಷದ ಕೂಸಿಗೆ ಆ ಮಾತು ಹೇಳೋಕೆ ನಾಲಿಗೆ ಏಳತ್ತೇನಮ್ಮಾ?”

“ನೀವು ಹೇಳದಿದ್ರೆ, ಅವಳೇ ಏನೋ ಒಂದು ಕಾರಣ ಕಟ್ಕೋತಾಳೆ.”

ಸಂಜೆ ತಾತ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡರು.

“ತಾತ ನಿಂಗೆ ಸುಳ್ಳು ಹೇಳಿದೆ, ಗುಬ್ಬಿ. ಅಪ್ಪ ಸತ್ತುಹೋದ. ಇನ್ನು ಬರಲ್ಲ.”

“ನಾನು ಅವನ ಶರ್ಟ್ ಮೇಲೆ ಹಾಲು ಚೆಲ್ಲಿದ್ದಕ್ಕಾ?”

“ಅಯ್ಯೋ, ಅಲ್ಲ ಕಂದಾ! ಎತ್ತರದಿಂದ ಕಾಲು ಜಾರಿ ಬಿದ್ದ. ನಿಂದೇನೂ ತಪ್ಪಿಲ್ಲ.”

ಅವಳು ಮುಷ್ಟಿ ಕಟ್ಟಿ ತಾತನ ಎದೆಗೆ ಗುದ್ದಿದಳು. ಅವರು ಅವಳ ಕೈ ಹಿಡಿಯಲಿಲ್ಲ. ಗುದ್ದಿ ಗುದ್ದಿ ಸೋತ ಮೇಲೆ ಅವಳಿಗೆ ಅಳು ಬಂತು. ಸೊಸೆ ಅಡುಗೆಮನೆಯಿಂದ ಬಂದು ಮಗಳನ್ನು ತೊಡೆಯ ಮೇಲೆ ಎಳೆದುಕೊಂಡಳು. ಮೊದಲ ಸಲ ತಾಯಿ ಮಗಳು ಒಟ್ಟಿಗೆ ಅತ್ತರು.

ಮಗು ಕೇಳಿಸಿಕೊಂಡೀತೆಂದು ತಾತ ಅಷ್ಟು ದಿನ ಮಗನಿಗಾಗಿ ಬಾಯಿಬಿಟ್ಟು ಒಂದು ಪ್ರಾರ್ಥನೆಯನ್ನೂ ಮಾಡಿರಲಿಲ್ಲ. ಈಗ ಕೈ ಮುಗಿದರು, ಮಾತು ಹೊರಡಲಿಲ್ಲ. ಗುಬ್ಬಿ ಅವರನ್ನು ನೋಡಿ, ಮೂಗು ಒರೆಸಿಕೊಂಡು, ತಾನೇ ಹೇಳಿದಳು:

“ದೇವರೇ, ನಮ್ಮಪ್ಪಂಗೆ ತುಂಬಾ ನೋವಾಗಿರತ್ತೆ. ಅದನ್ನ ವಾಸಿ ಮಾಡು. ಅವನನ್ನ ನೆಮ್ಮದಿಯಾಗಿ ಇಟ್ಕೋ.”